ಬಾಗಿಲು ಕರೆದವನು

"ಬನ್ನಿ ಮರಿಸ್ವಾಮಿ" ಎಂದು ಬಾಗಿಲು ಕರೆದಾಗ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದೆ. ಸೀರೆಯನ್ನು ಅಲ್ಲೇ ಎಸೆದು ಎದ್ದೆ. ಮರಿಸ್ವಾಮಿ ಎಂದರೆ ನನ್ನ ಗಂಡ. ಭತ್ತ ಕೊಯ್ಯುವ ದೊಡ್ಡ ಮೆಷಿನ್ ಓಡಿಸುವುದು ಅವರ ಕೆಲಸ. ಕೆಳಗಿನ ಬಯಲುಗಳಲ್ಲಿ ಪೈರು ಬಲಿಯುತ್ತಲೇ ಮೆಷಿನ್ ಹತ್ತಿ ಊರೂರು ತಿರುಗಲು ಹೋದವರು ಕೊಯ್ಲು ಮುಗಿದರೂ ಬಂದಿರಲಿಲ್ಲ. ದಿನಾ ಸಂಜೆ ಬರುತ್ತಿದ್ದ ಫೋನು ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ನಾನು ಮಾಡಿದಾಗೆಲ್ಲ ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಆ ಹೆಂಗಸಿಗೆ ನನ್ನ ಶಾಪ ತಟ್ಟಿದ್ದರೆ ಇಷ್ಟು ಹೊತ್ತಿಗೆ ಅವಳ ಬಾಯಲ್ಲಿ ನಾಲಿಗೆಯೇ ಇರುತ್ತಿರಲಿಲ್ಲ.

ಪಡಸಾಲೆಗೆ ಓಡಿ ಬಂದವಳು ಕಂಬ ಹಿಡಿದು ನಿಂತುಬಿಟ್ಟೆ. ತೆರೆದ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಅದೇ ಎತ್ತರ, ಅದೇ ಗುಂಗುರು ಕೂದಲು, ಅದೇ ದಪ್ಪ ಮೀಸೆ. ಆದರೆ ನನ್ನ ಗಂಡನಲ್ಲ. ಹೆಗಲಿನ ರೆಕ್ಸಿನ್ ಚೀಲದಿಂದ ಸ್ಕ್ರೂಡ್ರೈವರುಗಳು ಇಣುಕುತ್ತಿದ್ದವು. ಅವನು ನನಗಿಂತ ಹೆಚ್ಚು ಗಾಬರಿಯಾಗಿ ಒಮ್ಮೆ ನನ್ನನ್ನೂ ಒಮ್ಮೆ ಬಾಗಿಲ ಮೇಲಿನ ಕಣ್ಣನ್ನೂ ನೋಡುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಅತ್ತೆ ದೇವೀರಮ್ಮ ನಡುಮನೆಯಿಂದ ಗೋಡೆ ಸವರಿಕೊಂಡು ಬಂದರು. ಅವರ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿವೆ. ಮನುಷ್ಯರು ಅವರಿಗೆ ಬರೀ ನೆರಳು.

"ಬಂದ್ಯೇನಪ್ಪಾ?" ಎನ್ನುತ್ತಾ ಅವನ ಹಣೆ, ಕೆನ್ನೆ, ಭುಜ ಎಲ್ಲ ತಡವಿದರು. ಅವರ ಕೈ ಒಂದು ಗಳಿಗೆ ನಿಂತಿತು. "ಇಳಿದು ಹೋಗಿದ್ದೀಯ ಮಗಾ."

"ತಾಯೀ, ನಾನು..." ಎಂದು ಅವನು ಶುರು ಮಾಡಿದ. ಅತ್ತೆ ಅವನ ಬಾಯಿಯ ಮೇಲೆ ಅಂಗೈ ಇಟ್ಟರು.

"ಏನೂ ಹೇಳ್ಬೇಡ. ಒಳಗ್ ಬಾ. ಮೊದ್ಲು ನೀರು ಕುಡಿ."

ಅವನ ಕೈ ಹಿಡಿದು ಎಳೆದುಕೊಂಡೇ ಒಳಗೆ ಹೋದರು. ಬಾಗಿಲು ತನ್ನಷ್ಟಕ್ಕೆ ತಾನು ಮುಚ್ಚಿಕೊಂಡಿತು.

ನಮ್ಮ ಊರಿನಲ್ಲಿ ಬಾಗಿಲು ಕರೆದವರು ಒಳಗೆ ಬರುತ್ತಾರೆ, ಕರೆಯದವರು ಜಗುಲಿಯ ಮೇಲೆ ಕೂರುತ್ತಾರೆ. ಅಷ್ಟೇ. ಜಗಳವಿಲ್ಲ, ತಕರಾರಿಲ್ಲ. ಹೊಸ ಸೊಸೆಯನ್ನು ಮೂರು ಬೆಳಗು ಬಾಗಿಲಿಗೆ ತೋರಿಸುತ್ತೇವೆ, ಒಂದು ದಿನ ಅರಿಶಿನ ಹಚ್ಚಿ, ಒಂದು ದಿನ ತಲೆಗೆ ಎರೆದು, ಒಂದು ದಿನ ಇದ್ದ ಹಾಗೇ. ಕೂಸುಗಳ ಮುಖ ಬೇಗ ಬದಲಾಗುವುದರಿಂದ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಎತ್ತಿ ತೋರಿಸುತ್ತೇವೆ. ಮೀಸೆ ತೆಗೆಸುವ ಗಂಡಸರು ಬಾಗಿಲಿಗೆ ಅಭ್ಯಾಸವಾಗಲಿ ಎಂದು ಇವತ್ತು ಅರ್ಧ, ನಾಳೆ ಅರ್ಧ ತೆಗೆಸುತ್ತಾರೆ. ಅರ್ಧ ಮೀಸೆಯ ಮೇಷ್ಟ್ರು ಪಾಠ ಮಾಡಿದರೂ ನಮ್ಮ ಮಕ್ಕಳು ನಗುವುದಿಲ್ಲ. ಸಾವಿನ ಮನೆಯಲ್ಲಿ ಅತ್ತು ಬಂದವರು ಬೀದಿ ನಲ್ಲಿಯಲ್ಲಿ ಮುಖಕ್ಕೆ ತಣ್ಣೀರು ಎರಚಿಕೊಂಡು, ಕಣ್ಣಿನ ಊತ ಇಳಿಯಲೆಂದು ಅಲ್ಲೇ ಕಾಯುತ್ತಾರೆ. ಎದುರುಮನೆ ಪಾರ್ವತಕ್ಕ ಹಲ್ಲು ಕೀಳಿಸಿ ದವಡೆ ಊದಿಸಿಕೊಂಡು ಬಂದಾಗ ಅವಳ ಬಾಗಿಲು ಕರೆಯಲೇ ಇಲ್ಲ. ಜಗುಲಿಯ ಮೇಲೇ ಹಾಸಿಗೆ, ಅಲ್ಲೇ ಗಂಜಿ. ನಾನು ಮರುಕದಿಂದ ಹೋಗಿ ವಿಚಾರಿಸಿದರೆ, "ಬಾಗಿಲದ್ದೇನು ತಪ್ಪು ಬಿಡು ಇಂದ್ರಾಣಿ, ಕನ್ನಡಿ ನೋಡ್ಕೊಂಡ್ರೆ ನಂಗೇ ನನ್ ಗುರ್ತು ಸಿಕ್ತಿಲ್ಲ" ಎಂದಳು.

ಒಳಗಿನಿಂದ ಒಂದು ಅಗಳಿ ಇದೆ, ಕೈಯಿಂದ ತೆಗೆಯಬಹುದು. ಯಾರೂ ತೆಗೆಯುವುದಿಲ್ಲ. ನಮ್ಮ ಬೀದಿಯ ತುದಿಯಲ್ಲಿದ್ದ ಬಡಗಿ ಮನೆಯವರು ಒಮ್ಮೆ ತೆಗೆದಿದ್ದರು. ಸೀತಾಳೆ ಸಿಡುಬು ಎದ್ದು ಮುಖವೆಲ್ಲ ಕಲೆಯಾಗಿ ಬಂದ ಅಳಿಯನನ್ನು ಬಾಗಿಲು ಕರೆಯಲಿಲ್ಲ, ಮಳೆ ಹೊಡೆಯುತ್ತಿತ್ತು, ಮನಸ್ಸು ತಡೆಯದೆ ಅಗಳಿ ಎಳೆದುಬಿಟ್ಟರು. ಬಾಗಿಲು ಕಣ್ಣು ಮುಚ್ಚಿಕೊಂಡಿತು. ಬಾಗಿಲುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಮರುದಿನ ಆ ಮನೆಯ ಒಬ್ಬರನ್ನೂ ರೇಷನ್ ಅಂಗಡಿ ಕರೆಯಲಿಲ್ಲ, ಇಸ್ಕೂಲು ಕರೆಯಲಿಲ್ಲ, ಆಸ್ಪತ್ರೆಯೂ ಕರೆಯಲಿಲ್ಲ. ಕೊನೆಗೆ ಊರನ್ನೇ ಬಿಟ್ಟು ಹೋದರು. ಆ ಮನೆಯ ಮುಂದೆ ಈಗಲೂ ನಾವು ಸ್ವಲ್ಪ ಬೇಗ ಬೇಗ ನಡೆಯುತ್ತೇವೆ.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ನಮ್ಮ ಬಾಗಿಲು ಕರೆದದ್ದು ಬೀದಿಗೆಲ್ಲ ಕೇಳಿಸಿತ್ತು. ಅಕ್ಕಪಕ್ಕದವರು ಬಂದು ನೋಡಿ, "ಬಂದ್ಯಲ್ಲಪ್ಪಾ, ಸದ್ಯ" ಎಂದು ಅವನ ಬೆನ್ನು ತಟ್ಟಿದರು. ಕಣ್ಣು ನೆಟ್ಟಗಿರುವವರೇ. ನನ್ನ ಗಂಡನ ಜೊತೆ ಗೋಲಿ ಆಡಿ ಬೆಳೆದವರೇ. ಅವನ ಮುಖ ನೋಡಿ ಒಂದು ಕ್ಷಣ ಹುಬ್ಬು ಗಂಟಿಕ್ಕುವರು, ಆಮೇಲೆ ಬಾಗಿಲ ಕಡೆ ನೋಡಿ, ತಮ್ಮದೇ ತಪ್ಪೆಂಬಂತೆ ನಗುವರು. ಪಾರ್ವತಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅಕ್ಕಾ, ಇವನು ಅವರಲ್ಲ" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಮೆಲ್ಲಗೆ ಮಾತಾಡೇ. ಬಾಗಿಲಿಗೆ ಕೇಳಿಸ್ತದೆ."

"ಕೇಳಿಸ್ಲಿ. ನನ್ನ ಗಂಡನ್ನ ನಂಗೆ ಗೊತ್ತಾಗಲ್ವಾ?"

"ಎಷ್ಟು ದಿನ ಆಯ್ತು ನೀನು ನೋಡಿ? ಬಿಸಿಲಲ್ಲಿ ದುಡಿದು ಬಂದವ್ರ ಮುಖ ಹಾಗೇ ಇರ್ತದಾ? ಬಾಗಿಲಿಗೆ ಗೊತ್ತಾಗಿದೆಯಲ್ಲ, ನಿಂಗೇನು ಬಂತು ಕೊಬ್ಬು?" ಎಂದವಳು ಸೆರಗು ಹೊದ್ದು ಹೊರಟೇಹೋದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎಲ್ಲರೂ ಹೋದ ಮೇಲೆ ಅವನನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಿಡಿದೆ. ಅಷ್ಟರಲ್ಲಿ ಅತ್ತೆ ಅವನಿಗೆ ಸ್ನಾನ ಮಾಡಿಸಿ, ನನ್ನ ಗಂಡನ ನೀಲಿ ಚೌಕುಳಿ ಅಂಗಿ ತೊಡಿಸಿಬಿಟ್ಟಿದ್ದರು. ಅದನ್ನು ನೋಡಿ ನನ್ನ ಮೈ ಉರಿಯಿತು.

"ಯಾರ್ರೀ ನೀವು? ಯಾವೂರು?"

"ತಿಪ್ಪೇಶಿ ಅಂತಾರಕ್ಕಾ. ಮಿಕ್ಸಿ, ಕುಕ್ಕರ್ ರಿಪೇರಿ ಮಾಡ್ಕೊಂಡು ಊರೂರು ತಿರುಗ್ತೀನಿ. ಇವತ್ತೇ ಮೊದ್ಲು ಈ ಕಡೆ ಬಂದಿದ್ದು. ಸ್ವಲ್ಪ ನೀರು ಕೇಳಣ ಅಂತ ನಿಂತೆ. ಬಾಗಿಲೇ ಹೆಸ್ರು ಹಿಡ್ದು ಕರೀತು, ಅಲ್ಲ ಅನ್ನಕ್ಕೆ ನೋಡಿದೆ, ಆ ಅವ್ವ ಬಿಡ್ಲಿಲ್ಲ." ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ. "ನಂಗ್ಯಾಕಕ್ಕಾ ಈ ಉಸಾಬರಿ. ಈಗ್ಲೇ ಹೊರಟೆ."

ಸುಳ್ಳು ಹೇಳುವವನ ಹಾಗೆ ಕಾಣಲಿಲ್ಲ. ಹೋಗಿ ಎನ್ನಲು ಬಾಯಿ ತೆರೆದವಳು ತಡೆದೆ. ನಮ್ಮ ಬಾಗಿಲಲ್ಲಿ ಒಂದು ಹೆಸರಿಗೆ ಒಂದೇ ಮುಖ. ಒಳಗೆ ಕರೆದ ಗಳಿಗೆಯಲ್ಲೇ ಅದು ಇವನ ಮುಖವನ್ನು ಮರಿಸ್ವಾಮಿಯ ಹೆಸರಿಗೆ ಅಂಟಿಸಿಕೊಂಡಿತ್ತು. ಇವನು ಮುಂಬಾಗಿಲಿನಿಂದ ಹೊರಗೆ ಹೋದರೆ ಆ ಅಂಟು ಇನ್ನೂ ಗಟ್ಟಿಯಾಗುತ್ತದೆ. ಹಿತ್ತಲ ಗೋಡೆ ಹಾರಿ ಹೋದರೆ ಮರಿಸ್ವಾಮಿ ಇನ್ನೂ ಒಳಗೇ ಇದ್ದಾನೆ ಎಂದು ಬಾಗಿಲು ತಿಳಿದುಕೊಂಡಿರುತ್ತದೆ. ಎರಡರಲ್ಲಿ ಯಾವುದಾದರೂ, ನನ್ನ ಗಂಡ ಬಂದು ನಿಂತರೆ ಅವರಿಗೆ ಸಿಗುವುದು ಜಗುಲಿ.

ಉಳಿದದ್ದು ಒಂದೇ ದಾರಿ. ಮನೆಯ ಹಿರಿಯರು ಆ ಮುಖದವನ ಹೆಗಲ ಮೇಲೆ ಕೈಯಿಟ್ಟು, ಬಾಗಿಲಿನ ಮುಂದೆ, "ಇವನು ನಮ್ಮವನಲ್ಲ" ಎನ್ನಬೇಕು. ಆಗ ಬಾಗಿಲು ಆ ಮುಖವನ್ನು ಅಳಿಸುತ್ತದೆ. ಹೆಸರು ಮೂರು ಬೆಳಗಿನವರೆಗೆ ಖಾಲಿ ಇರುತ್ತದೆ. ಅಷ್ಟರೊಳಗೆ ಸರಿಯಾದ ಮುಖ ತೋರಿಸಿದರೆ ಸರಿ, ಇಲ್ಲದಿದ್ದರೆ ಸತ್ತವರ ಹೆಸರುಗಳ ಜೊತೆ ಅದೂ ಹೋಗುತ್ತದೆ. ನಮ್ಮ ಬಾಗಿಲು ಇರುವುದು ಅತ್ತೆಯ ಹೆಸರಿನಲ್ಲಿ. ನಾನು ಗಂಟಲು ಹರಿದುಕೊಂಡರೂ ಅದು ನನ್ನ ಮಾತು ಕೇಳುವುದಿಲ್ಲ.

"ಇಲ್ಲೇ ಇರಿ. ಬಾಗಿಲ ಹತ್ರ ಮಾತ್ರ ಸುಳೀಬೇಡಿ" ಎಂದು ಅವನಿಗೆ ಹೇಳಿ ಒಳಗೆ ಬಂದೆ. ಅತ್ತೆ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದರು. ವರ್ಷದಿಂದ ಮುದ್ದೆಕೋಲು ಮುಟ್ಟದಿದ್ದವರು. ಏನೆಂದು ಶುರು ಮಾಡಲಿ ಎಂದು ನಾನು ಸೆರಗು ಹಿಂಡುತ್ತಾ ನಿಂತಿರುವಾಗಲೇ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಇಂದ್ರಾ" ಎಂದಿತು ಒಂದು ದನಿ. ಬಾಯಿಗೆ ಬಟ್ಟೆ ತುರುಕಿದವರು ಮಾತಾಡಿದ ಹಾಗಿತ್ತು. "ನಾನು ಕಣೆ. ಬೆಲ್ಟು ಕಿತ್ತು ಮುಖಕ್ಕೆ ಹೊಡೀತು. ದವಡೆ ಪುಡಿ ಆಯ್ತು. ಫೋನು ಮೆಷಿನ್ನಿನ ಕೆಳಗ್ ಸಿಕ್ಕಿ ಹೋಯ್ತು. ನಿನ್ ನಂಬರು ನೆನಪಿಗೇ ಬರ್ಲಿಲ್ಲ, ಯಾವತ್ತು ಬಾಯಿಪಾಠ ಮಾಡಿದ್ದೆ ಹೇಳು. ಹಾಸಿಗೇಲಿ ಮಲಗಿ ಒಂದೊಂದೇ ಅಂಕಿ ಜೋಡ್ಸಿ, ಯಾರ್ಯಾರಿಗೋ ಮಾಡಿ ಬೈಸ್ಕೊಂಡು, ಇವತ್ತು ಸಿಕ್ದೆ. ಬಸ್ಸಲ್ಲಿದ್ದೀನಿ. ಸಂಜೆ ಬರ್ತೀನಿ."

ಅಲ್ಲೇ ಕುಸಿದು ಕೂತು, ಅತ್ತೆಗೂ ಕೇಳಲೆಂದು ಸ್ಪೀಕರ್ ಒತ್ತಿದೆ. "ಅವ್ವ ಹೇಗೈತೆ?" ಎಂದು ಆ ದನಿ ಕೇಳಿತು. ಅತ್ತೆಯ ಕೈಯಲ್ಲಿದ್ದ ಕೋಲು ನಿಂತಿತು. ಮುಖದಲ್ಲಿ ಏನೋ ಅರಳಿತು, ಆಮೇಲೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಫೋನು ಕಟ್ಟಾಯಿತು. ಅದು ಬಸ್ಸಿನಲ್ಲಿ ಯಾರದೋ ಕೈಯಿಂದ ಇಸಿದುಕೊಂಡ ಫೋನು, ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

"ಅದು ಅವನ ದನಿಯಲ್ಲ" ಎಂದರು ಅತ್ತೆ.

"ದವಡೆ ಒಡೆದಿದೆಯಂತಲ್ಲ ಅತ್ತೆ, ದನಿ ಹೇಗೆ ಸರಿ ಇರುತ್ತೆ?"

"ಮೋಸದ ಫೋನು. ಈಗ ಯಾರ ದನೀಲಿ ಬೇಕಾದ್ರೂ ಮಾತಾಡ್ತಾರಂತೆ."

"ಮೋಸ ಮಾಡೋರಾದ್ರೆ ನಿಮ್ಮ ಮಗನ ದನೀಲೇ ಮಾತಾಡ್ತಿದ್ರು. ಇಂಥ ಕೆಟ್ಟ ದನೀಲಿ ಮಾತಾಡಕ್ಕೆ ಅವ್ರಿಗೇನು ಹುಚ್ಚಾ?" ನನ್ನ ಬಾಯಿ ಮೊದಲೇ ಜೋರು, ಆಗಂತೂ ಹಿಡಿತದಲ್ಲಿರಲಿಲ್ಲ. "ಅತ್ತೆ, ಹಿತ್ತಲಲ್ಲಿ ಕೂತಿರೋನು ನಿಮ್ಮ ಮಗ ಅಲ್ಲ. ನಿಮ್ಮ ಕಣ್ಣಿಗೆ ಕಾಣಲ್ಲ, ನನ್ನ ಕಣ್ಣಿಗೆ ಕಾಣುತ್ತೆ. ಬಾಗಿಲು ತಪ್ಪು ಮಾಡಿದೆ."

ನಮ್ಮ ಊರಿನಲ್ಲಿ ಯಾರೂ ಆಡದ ಮಾತನ್ನು ಆಡಿಬಿಟ್ಟಿದ್ದೆ. ಅತ್ತೆ ಒಲೆ ಆರಿಸಿದರು. ಬೈಯುತ್ತಾರೆ ಎಂದುಕೊಂಡೆ.

"ಗೊತ್ತು" ಎಂದರು.

"ಕೆನ್ನೆ ಮುಟ್ಟಿದ ತಕ್ಷಣ ಗೊತ್ತಾಯ್ತು. ಹೆತ್ತ ಕೈಗೆ ಗೊತ್ತಾಗಲ್ವೇನೇ? ಬಾಯಿ ಮುಚ್ಚಿದ್ದು ಅದಕ್ಕೇ. ಅವನು ಅಲ್ಲ ಅಂತ ಬಾಯಿ ಬಿಟ್ಟಿದ್ರೆ ಮುಗೀತಿತ್ತಲ್ಲ." ಅವರು ಮಾತಾಡುತ್ತಾ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. "ಮೆಷಿನ್ ಮಾಲೀಕ ಬಂದಿದ್ದ ಕಣೆ, ನೀನು ಬಟ್ಟೆ ಕೊಡಕ್ಕೆ ಹೋದಾಗ. ಜಗುಲಿ ಮೇಲೆ ಕೂತು ಹೇಳಿ ಹೋದ. ಬೆಲ್ಟಿಗೆ ಸಿಕ್ಬಿಟ್ಟ, ಆಸ್ಪತ್ರೆಗೆ ಹಾಕಿದ್ದೀವಿ, ಆಸೆ ಇಟ್ಕೋಬೇಡಿ ಅಂದ. ಯಾವ ಆಸ್ಪತ್ರೆ ಅಂತ ಕೇಳಕ್ಕೂ ನಂಗೆ ಬಾಯಿ ಬರ್ಲಿಲ್ಲ. ನಿಂಗೆ ಹೇಳಿದ್ರೆ ನೀನು ಅಳ್ತೀಯ, ಮುಖ ಊದಿಸ್ಕೋತೀಯ, ನಿನ್ನನ್ನೂ ಬಾಗಿಲು ಹೊರಗೆ ಕೂರಿಸುತ್ತೆ. ನುಂಗ್ಕೊಂಡೆ. ದಿನಾ ಬಾಗಿಲ ಕಡೆ ಕಿವಿ ಇಟ್ಕೊಂಡು ಕೂತೆ. ಇವತ್ತು ಅದು ನನ್ ಮಗನ ಹೆಸ್ರು ಕರೀತು. ಯಾರನ್ನ ಕರೆದ್ರೆ ನಂಗೇನು? ದಿನಕ್ಕೊಂದ್ಸಲ ಅವನ ಹೆಸ್ರು ಈ ಮನೇಲಿ ಕೇಳಿಸ್ಲಿ ಅಂತ ಅಷ್ಟೇ."

ಇಷ್ಟು ದಿನ ಈ ಮುದುಕಿ ಇದನ್ನೆಲ್ಲ ಒಬ್ಬಳೇ ಹೊತ್ತುಕೊಂಡು ನನ್ನೆದುರು ಕಾಫಿಗೆ ಸಕ್ಕರೆ ಕಮ್ಮಿ ಎಂದು ಗೊಣಗಿದ್ದಾಳಲ್ಲ ಎಂದು ನನಗೆ ಮರುಕವಾಯಿತು. ಕೋಪವೂ ಬಂತು. "ಈಗ ಬದುಕಿದ್ದಾರೆ ಅಂತ ಗೊತ್ತಾಯ್ತಲ್ಲ ಅತ್ತೆ. ಬಾಗಿಲ ಮುಂದೆ ಆ ಮಾತು ಹೇಳಿ" ಎಂದೆ.

"ಏನ್ ಗೊತ್ತಾಯ್ತು? ಒಂದು ದನಿ ಗೊತ್ತಾಯ್ತು. ಅದೂ ಅವನದಲ್ಲದ್ದು." "ನಾನು ಅಳಿಸಿಬಿಟ್ಟು, ಸಂಜೆ ಬಸ್ಸಿಗೆ ಯಾರೂ ಬರ್ದೇ ಇದ್ರೆ? ಮೂರು ಬೆಳಗು ಕಳೆದ್ರೆ ನನ್ ಕೈಯಾರೆ ಅವನನ್ನ ಸಾಯಿಸಿದ ಹಾಗಾಗಲ್ವಾ? ಬರ್ಲಿ. ಮುಟ್ಟಿ ನೋಡಿ ಹೇಳ್ತೀನಿ."

ಅಲ್ಲಿಂದ ಸಂಜೆಯವರೆಗೆ ಹೇಗೆ ಕಳೆದೆನೋ. ತಿಪ್ಪೇಶಿ ಹಿತ್ತಲಲ್ಲಿ ಸುಮ್ಮನೆ ಕೂರಲಾರದೆ ನಮ್ಮ ಹಳೆಯ ಮಿಕ್ಸಿಯನ್ನು ಬಿಚ್ಚಿಕೊಂಡು ಕೂತ. ಅತ್ತೆ ಅವನ ಪಕ್ಕದಲ್ಲೇ ಮಣೆ ಹಾಕಿಕೊಂಡು ಅವನ ತಾಯಿ, ಅವನ ಊರು ಎಲ್ಲ ವಿಚಾರಿಸಿದರು. ತಾಯಿ ಅವನು ಚಿಕ್ಕವನಿರುವಾಗಲೇ ಹೋಗಿದ್ದಳಂತೆ. "ಹೊಟ್ಟೆ ತುಂಬ ತಿಂದ್ಯಾ ಮಗಾ?" ಎಂದು ಅತ್ತೆ ಕೇಳಿದ್ದೂ, ಅವನು ಸ್ಕ್ರೂಡ್ರೈವರು ಕೆಳಗಿಟ್ಟು "ಹೂಂ ಅವ್ವಾ" ಎಂದದ್ದೂ ನನಗೆ ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ಈ ನಂಟು ಸುತ್ತಿಕೊಳ್ಳುತ್ತಿದೆ, ಸಂಜೆ ಅತ್ತೆಯ ಬಾಯಿಂದ ಆ ಮಾತು ಬರದೇ ಹೋದರೆ ಏನು ಗತಿ ಎಂದು ನನಗೆ ಹೆದರಿಕೆಯಾಯಿತು. ಪಾಪದವನ ಮೇಲೆ ಹಾಗೆ ಹೊಟ್ಟೆ ಉರಿದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಬಸ್ಸಿನ ಹಾರ್ನು ಕೇಳಿದ ಮೇಲೆ ನಾನು ಬೀದಿ ಕಡೆಯ ಕಿಟಕಿಯನ್ನು ಬಿಟ್ಟು ಅಲ್ಲಾಡಲಿಲ್ಲ. ತರಕಾರಿ ಬುಟ್ಟಿಯವಳು ಹೋದಳು. ಇಸ್ಕೂಲಿನ ಅರ್ಧ ಮೀಸೆ ಮೇಷ್ಟ್ರು ಹೋದರು. ಆಮೇಲೆ ಒಬ್ಬ ಬೋಳು ತಲೆಯವನು ಗೋಡೆಯ ನೆರಳು ಹಿಡಿದು ನಿಧಾನಕ್ಕೆ ನಡೆದು ಬಂದ. ಮೀಸೆಯಿಲ್ಲ. ಮುಖದ ಕೆಳಗಿನ ಅರ್ಧ ಒಳಕ್ಕೆ ಕುಸಿದು, ಕಿವಿಯಿಂದ ಗದ್ದದವರೆಗೆ ಕೆಂಪು ಗೆರೆ ಎಳೆದಿತ್ತು. ಯಾರೋ ಭಿಕ್ಷೆಯವನೇನೋ ಎಂದುಕೊಂಡು ಅವನ ಹಿಂದೆ ಯಾರಾದರೂ ಬರುತ್ತಾರಾ ಎಂದು ನಾನು ಕತ್ತು ಚಾಚಿದೆ. ಅವನು ನಮ್ಮ ಜಗುಲಿ ಹತ್ತಿದ. ಬಾಗಿಲ ಕಣ್ಣಿನ ಮುಂದೆ ಮುಖ ಎತ್ತಿ ನಿಂತ.

ಬಾಗಿಲು ಕರೆಯಲಿಲ್ಲ.

ಅವನು ಸ್ವಲ್ಪ ಹಿಂದೆ ಸರಿದು, ಬೆಳಕಿಗೆ ಮುಖ ತಿರುಗಿಸಿ ಮತ್ತೆ ನಿಂತ. ಕುಸಿದ ಬಾಯಿಯಲ್ಲೇ ನಗಲು ನೋಡಿದ. ಬಾಗಿಲು ಸುಮ್ಮನಿತ್ತು. ಆಗ ಅವನು ನಮ್ಮ ಊರಿನ ಯಾರಾದರೂ ಮಾಡುವಂತೆ ಒಂದು ಮಾತೂ ಆಡದೆ ಜಗುಲಿಯ ತುದಿಯಲ್ಲಿ ಕೂತ. ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ಬಂದ್ನಾ? ಅವನೇನಾ?" ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಬೆಳಗಿನಿಂದ ಕಣ್ಣು ಕಣ್ಣು ಎಂದು ಹಾರಾಡಿದವಳು ನಾನು. ಆ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೌದು ಎನ್ನಲು ಗುರುತಿಲ್ಲ, ಅಲ್ಲ ಎನ್ನಲು ಧೈರ್ಯವಿಲ್ಲ. ಬಾಗಿಲಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಎನಿಸಿತು. ಬಾಗಿಲು ದಾಟಿ ಹೊರಗೆ ಬಂದೆ. ಅತ್ತೆ ತಿಪ್ಪೇಶಿಯ ಕೈ ಹಿಡಿದುಕೊಂಡು ಹೊಸ್ತಿಲವರೆಗೆ ಬಂದರು. ಅವನನ್ನು ಒಳಗೇ ನಿಲ್ಲಿಸಿ, ತಾವು ಒಂದು ಹೆಜ್ಜೆ ಹೊರಗಿಟ್ಟು, ಕೂತವನ ಮುಖದ ಕಡೆ ಕೈ ಚಾಚಿದರು. ಬೆರಳು ಗಾಯದ ಗೆರೆಗೆ ತಾಗಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆ ಎಳೆದುಕೊಂಡರು.

"ಅವ್ವಾ" ಎಂದ ಕೂತವನು. ಅದು ಫೋನಿನ ದನಿಯೇ.

"ನಂಗೆ ಗೊತ್ತಾಗ್ತಿಲ್ಲ ಕಣೆ ಇಂದ್ರಿ" ಎಂದರು ಅತ್ತೆ. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು. "ಕೈಗೆ ಏನೂ ಸಿಗ್ತಿಲ್ಲ. ನೀನ್ ಹೇಳು. ನೀನ್ ಹೇಳಿದ ಹಾಗೆ ಮಾಡ್ತೀನಿ. ಇವನನ್ನ ಅಳಿಸ್ಲಾ, ಬೇಡ್ವಾ?"

ಬೀದಿ ತುಂಬ ಜನ. ಪಾರ್ವತಕ್ಕ ತನ್ನ ಜಗುಲಿಯ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅಳಿಸಿ ಎಂದು, ಕೂತವನು ಅವರಲ್ಲದಿದ್ದರೆ ನನ್ನ ಗಂಡನ ಹೆಸರೇ ಹೋಗುತ್ತದೆ, ಬೇಡ ಎಂದು, ಅವರೇ ಆಗಿದ್ದರೆ ಜನ್ಮವಿಡೀ ಜಗುಲಿ ಮೇಲೆ. ಕೂತವನು ನನ್ನನ್ನು ನೋಡುತ್ತಿರಲಿಲ್ಲ. ಹೊಸ್ತಿಲ ಒಳಗೆ, ನೀಲಿ ಚೌಕುಳಿ ಅಂಗಿ ಹಾಕಿಕೊಂಡು ನಿಂತ ತಿಪ್ಪೇಶಿಯನ್ನು ನೋಡುತ್ತಿದ್ದ. ತನ್ನ ಮನೆಯಲ್ಲಿ, ತನ್ನ ಅಂಗಿಯಲ್ಲಿ, ತನ್ನ ತಾಯಿಯ ಕೈ ಹಿಡಿದು ನಿಂತ ಪರಗಂಡಸನ್ನು ಕಂಡರೆ ಯಾವ ಗಂಡಸಾದರೂ ಕುತ್ತಿಗೆಪಟ್ಟಿಗೆ ಕೈ ಹಾಕುತ್ತಿದ್ದ. ಇವನು ನನ್ನ ಕಡೆ ತಿರುಗಿ, ಜನರಿಗೆ ಕೇಳಿಸದಂತೆ ಪಿಸುಗುಟ್ಟಿದ.

"ಅವ್ರದ್ದು ಊಟ ಆಯ್ತೇನೆ?"

ನನಗೆ ನಗು ಬಂತು. ಆ ನಗುವಿನ ಬೆನ್ನಿಗೇ ಅಳು ಬಂತು. ಬಸ್ಸಿನಲ್ಲಿ ಪರಿಚಯವಾದವರನ್ನೆಲ್ಲ ಜಗುಲಿಗೆ ಕರೆತಂದು ಕೂರಿಸಿ, ನನ್ನ ಪಾಲಿನ ಸಾರನ್ನು ಅವರಿಗೆ ಬಡಿಸಿ, ಆಮೇಲೆ ನನ್ನ ಮುಖ ನೋಡಲು ಹೆದರಿ ಮೂಲೆಯಲ್ಲಿ ಕೂರುತ್ತಿದ್ದ ಮಹಾನುಭಾವ ಈ ಭೂಮಿಯ ಮೇಲೆ ಒಬ್ಬನೇ. ಈ ಗುಣಕ್ಕೆ ನಾನು ಬೈಯದ ವಾರವಿಲ್ಲ. ತವರಿಗೆ ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿದ್ದೂ ಇದಕ್ಕೇ.

"ಇವರೇ ಅತ್ತೆ" ಎಂದೆ. "ಮುಖ ಏನಾದ್ರೂ ಆಗ್ಲಿ. ಇಂಥ ಪೆದ್ದು ಇನ್ನೊಂದಿಲ್ಲ."

ಅತ್ತೆ ಹೊಸ್ತಿಲ ಕಡೆ ತಿರುಗಿದರು. ತಿಪ್ಪೇಶಿ ಅವರ ಕೈಗೆ ಎಟುಕಲೆಂದು ಮೊಣಕಾಲೂರಿ ಕೂತ. ಅವರು ಅವನ ಹೆಗಲ ಮೇಲೆ ಕೈಯಿಟ್ಟರು. ಹೊಟ್ಟೆ ತುಂಬ ಉಣ್ಣಿಸಿದವನ ಮುಖಕ್ಕೇ ಹಾಗನ್ನುವುದು ಸುಲಭವಲ್ಲ.

"ಅನ್ನಿ ಅವ್ವಾ" ಎಂದ ಅವನೇ. "ಪರವಾಗಿಲ್ಲ. ನಿಜಾನೇ ಅಲ್ವಾ?"

"ಇವನು ನಮ್ಮವನಲ್ಲ" ಎಂದರು ಅತ್ತೆ. ಎಂದವರು ಆ ಕೈಯನ್ನು ಹೆಗಲಿನಿಂದ ತೆಗೆಯಲಿಲ್ಲ.

ಬಾಗಿಲಿನ ಕಣ್ಣು ಮಿಟುಕಿತು. "ಮರಿಸ್ವಾಮಿ ಇಲ್ಲ" ಎಂದಿತು. ಸತ್ತವರ ಮನೆಯಲ್ಲಿ ಮಾತ್ರ ನಾವು ಕೇಳುವ ಮಾತು ಅದು. ಪಾರ್ವತಕ್ಕನ ಬಾಗಿಲು "ಮರಿಸ್ವಾಮಿ ಇಲ್ಲ" ಎಂದಿತು. ಅದರ ಪಕ್ಕದ್ದು, ಅದರಾಚೆಯದು, ಬೀದಿಯ ಉದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಅದನ್ನೇ ಹೇಳುತ್ತಾ ಹೋದವು. ದನಿ ದೂರವಾಗುತ್ತಾ ಕೆರೆಯ ಕಡೆಯ ಬೀದಿಯವರೆಗೂ ಹೋಯಿತು. ನನ್ನ ಗಂಡ ಜಗುಲಿಯ ಮೇಲೆ ಕೂತು ಅದಷ್ಟನ್ನೂ ತಲೆ ಬಗ್ಗಿಸಿ ಕೇಳಿದರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ತಿಪ್ಪೇಶಿ ಅಂಗಿ ಬಿಚ್ಚಿ ಕೊಡಲು ಹೋದ. ಬೇಡ, ಇಟ್ಟುಕೊಳ್ಳಿ ಎಂದು ನನ್ನ ಗಂಡ ಕೈಸನ್ನೆ ಮಾಡಿದರು. ಇನ್ನು ಮುಂದೆ ಈ ಊರಿನ ಒಂದು ಬಾಗಿಲೂ ಅವನನ್ನು ಕರೆಯುವುದಿಲ್ಲ ಎಂದು ಅವನಿಗೆ ನಾನು ಹೇಳಿದ್ದೆ. "ನಂಗೇನಕ್ಕಾ, ನಾನು ಎಲ್ಲಾ ಊರಲ್ಲೂ ಜಗುಲಿ ಮೇಲೆ ಕೂತೇ ಕೆಲಸ ಮಾಡೋನು" ಎಂದು ಚೀಲ ಹೆಗಲಿಗೇರಿಸಿದ. ಅತ್ತೆ ಅವನನ್ನು ತಿರುವಿನವರೆಗೆ ಕಳಿಸಿ ಬಂದರು. ಏನು ಮಾತಾಡಿಕೊಂಡರೋ, ನಾನು ಕೇಳಲಿಲ್ಲ.

ಮೊದಲ ಬೆಳಗು ಅರಿಶಿನ ಹಚ್ಚಿ ತೋರಿಸಿದೆವು. ಬಾಗಿಲು ಸುಮ್ಮನಿತ್ತು. ಎರಡನೆಯ ಬೆಳಗು ಆಸ್ಪತ್ರೆಯವರು ಬೋಳಿಸಿದ್ದ ಆ ತಲೆಗೇ ಎಣ್ಣೆ ಹಚ್ಚಿ ಎರೆದು ತೋರಿಸಿದೆವು. ಆಗಲೂ ಸುಮ್ಮನಿತ್ತು. ನಾವಿಬ್ಬರೂ ಜಗುಲಿಯ ಮೇಲೇ ಮಲಗಿದೆವು, ಅಲ್ಲೇ ಉಂಡೆವು. ಪಾರ್ವತಕ್ಕ ಕಣ್ಣು ತಪ್ಪಿಸಿಕೊಂಡೇ ಉಪ್ಪಿಟ್ಟು ತಂದಿಟ್ಟು ಹೋದಳು. ಮೂರನೆಯ ಬೆಳಗು ಅತ್ತೆ ಮಗನ ಹೆಗಲ ಮೇಲೆ ಕೈಯಿಟ್ಟು, "ಇವನು ಮರಿಸ್ವಾಮಿ. ನನ್ನ ಮಗ" ಎಂದರು. ಬಾಗಿಲಿನ ಕಣ್ಣು ಆ ಕುಸಿದ ದವಡೆಯನ್ನು ಎಷ್ಟು ಹೊತ್ತು ನೋಡಿತೆಂದರೆ ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಲು ಶುರುಮಾಡಿದ್ದೆ. ಕೊನೆಗೆ ಕರೆಯಿತು. ಬೀದಿಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಅದಾದ ಕೆಲವು ದಿನಕ್ಕೆ ಅವರು ಮೊದಲ ಸಲ ಒಬ್ಬರೇ ಅಂಗಡಿ ಬೀದಿಗೆ ಹೋಗಿ ಬಂದರು. "ಬನ್ನಿ ಮರಿಸ್ವಾಮಿ" ಎಂದು ಬಾಗಿಲು ಕರೆದು ತೆರೆದುಕೊಂಡಿತು. ನಡುಮನೆಯಲ್ಲಿ ಅತ್ತೆ ಕೂತಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬಾಗಿಲ ಮಾತು ಕೇಳಿಸಿದ್ದೇ ಎದ್ದು ಗೋಡೆ ಸವರಿಕೊಂಡು ಬರುವವರು ಅವತ್ತು ಏಳಲಿಲ್ಲ. ಕೈ ಮಾತ್ರ ನಿಲ್ಲಿಸಿದರು.

"ಯಾರಪ್ಪಾ ಅದು?" ಎಂದರು.

ಬಾಗಿಲು ಕರೆದು ಒಳಗೆ ಬಿಟ್ಟವರನ್ನು ಹಾಗೆ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನ ಗಂಡನೂ ಕೇಳಿರಲಿಲ್ಲ. ಪಡಸಾಲೆಯಲ್ಲಿ ಕೈಚೀಲ ಕೆಳಗಿಟ್ಟರು. ಆಮೇಲೆ ಆ ಸೊಟ್ಟ ದವಡೆಯಲ್ಲೇ, "ನಾನು ಕಣವ್ವಾ" ಎಂದರು.

ಅತ್ತೆ ತಲೆ ಓರೆ ಮಾಡಿ ಆ ದನಿಯನ್ನು ಕೇಳಿಸಿಕೊಂಡರು.

"ಬಾ" ಎಂದರು.